ಅಂಗೈ ಸುಲಿದಾಗ



ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಕಣ್ಣೆದುರಿಗೇ ಇರುವುದನ್ನು ನೋಡಲು ಬೇರೆ ಸಾಧನ ಬೇಡ ಎಂಬುದು ಅದರ ಅರ್ಥ. ಆದರೆ ಇಂದು ನಾವು ಮಾತನಾಡಲಿರುವ ವಿಷಯದಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ಅಂಗೈ ಸುಲಿದಿರುವುದು ಕಾಣುತ್ತದೆ. ಏಕೆ ಸುಲಿಯಿತು ಎಂಬುದು ಕಾಣುವುದಿಲ್ಲ. ಕಾರಣ ಕಾಣದಿದ್ದಾಗ ನಾವು ಊಹಿಸುತ್ತೇವೆ. ಊಹೆಯನ್ನು ನಂಬಿ ಔಷಧದ ಅಂಗಡಿಗೆ ಹೋಗಿ ಯಾವುದೋ ಒಂದು ಮುಲಾಮು ತಂದು ಹಚ್ಚುತ್ತೇವೆ. ಎಷ್ಟೋ ಸಲ ನಿಜವಾದ ತೊಂದರೆ ಶುರುವಾಗುವುದು ಅಲ್ಲಿಂದಲೇ.

ನಿಮ್ಮ ತರಗತಿಯಲ್ಲಿಯೂ ಇಂಥವರು ಒಬ್ಬರಾದರೂ ಇರಬಹುದು. ಬೆರಳ ತುದಿಯ ಚರ್ಮ ಈರುಳ್ಳಿಯ ತೆಳು ಪೊರೆಯಂತೆ ಏಳುತ್ತಿರುತ್ತದೆ. ಪ್ರಸಾದಕ್ಕೆ ಕೈ ಒಡ್ಡಲು ಸಂಕೋಚ, ಕೈ ಕುಲುಕಲು ಸಂಕೋಚ, ಬುತ್ತಿ ಹಂಚಿಕೊಂಡು ತಿನ್ನಲು ಸಂಕೋಚ. ಪಕ್ಕದಲ್ಲಿರುವವರು "ಅಂಟುರೋಗವೇನೋ" ಎಂದು ಸರಿದು ಕೂರುತ್ತಾರೆ. ಹದಿಹರೆಯದಲ್ಲಿ ಕೈಯ ಉರಿಗಿಂತ ಈ ಮಾತಿನ ನೋವೇ ಹೆಚ್ಚು. ಆದ್ದರಿಂದ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಹದಿಹರೆಯದವರ ಕೈ ಸುಲಿಯುವುದಕ್ಕೆ ಇರುವ ಕಾರಣಗಳಲ್ಲಿ ಬಹುಪಾಲು ಒಬ್ಬರಿಂದ ಒಬ್ಬರಿಗೆ ಅಂಟುವಂಥವಲ್ಲ. ಅಂಟುವ ಒಂದೆರಡು ಕಾರಣಗಳಿಗೂ ಸರಿಯಾದ ಔಷಧವಿದೆ.

ಅಂಗೈಯ ಚರ್ಮದ ರಚನೆ

ಅಂಗೈಯ ಚರ್ಮ ಮೈಯ ಉಳಿದ ಭಾಗದ ಚರ್ಮದಂತಲ್ಲ. ಕಣ್ಣರೆಪ್ಪೆಯ ಹೊರಚರ್ಮದ ದಪ್ಪ ಸುಮಾರು 0.05 ಮಿಲಿಮೀಟರ್. ಅಂಗೈ ಮತ್ತು ಅಂಗಾಲುಗಳಲ್ಲಿ ಅದು ಸುಮಾರು 1.5 ಮಿಲಿಮೀಟರ್. ಹೊರಚರ್ಮದ ಬುಡದಲ್ಲಿ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಹುಟ್ಟಿದವು ನಿಧಾನವಾಗಿ ಮೇಲಕ್ಕೆ ಸರಿಯುತ್ತಾ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ಚಪ್ಪಟೆಯಾಗಿ, ಕೊನೆಗೆ ಸತ್ತ ಕೋಶಗಳಾಗಿ ಮೇಲ್ಪದರದಲ್ಲಿ ಸೇರುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕರಿಂದ ಆರು ವಾರ ಬೇಕು. ಮೇಲಿನ ಸತ್ತ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಜಿಡ್ಡಿನಂಥ ವಸ್ತು ಗಾರೆ. ಗಾರೆ ಗಟ್ಟಿಯಾಗಿರುವವರೆಗೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ರಾಸಾಯನಿಕ ಒಳಗೆ ಬಾರದು.

ಹಾಗೆ ನೋಡಿದರೆ ನಮ್ಮೆಲ್ಲರ ಚರ್ಮವೂ ದಿನವೂ ಸುಲಿಯುತ್ತಲೇ ಇದೆ. ಒಂದೊಂದೇ ಕೋಶವಾಗಿ ಉದುರುವುದರಿಂದ ನಮಗೆ ತಿಳಿಯುವುದಿಲ್ಲ. ಗಾರೆ ಕರಗಿ, ಕೋಶಗಳು ಗುಂಪುಗುಂಪಾಗಿ ಎದ್ದಾಗ ಮಾತ್ರ "ಕೈ ಸುಲಿಯುತ್ತಿದೆ" ಎನ್ನುತ್ತೇವೆ.

ಇನ್ನೊಂದು ಅಂಶವನ್ನೂ ನೆನಪಿಡಿ. ಅಂಗೈಯಲ್ಲಿ ಬೆವರಿನ ಗ್ರಂಥಿಗಳು ಬಹಳ. ಎಣ್ಣೆಯ ಗ್ರಂಥಿಗಳು ಇಲ್ಲವೇ ಇಲ್ಲ. ಮುಖದ ಚರ್ಮಕ್ಕೆ ತನ್ನ ಎಣ್ಣೆ ತಾನೇ ಸಿಗುತ್ತದೆ. ಅಂಗೈಗೆ ಆ ಅನುಕೂಲವಿಲ್ಲ. ಕೋಶಗಳ ನಡುವಿನ ಜಿಡ್ಡು ಸಾಬೂನಿನಲ್ಲಿ ಹೊರಟುಹೋದರೆ ಅದನ್ನು ಹೊರಗಿನಿಂದ ತುಂಬಿಕೊಡುವ ಹೊಣೆ ನಮ್ಮದು.

ವಿಟಮಿನ್ ಕೊರತೆಯೋ, ಉಷ್ಣವೋ?

ಕೈ ಸುಲಿದ ಕೂಡಲೇ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಮೈಗೆ ಉಷ್ಣವಾಗಿದೆ" ಎಂಬುದು ಅಜ್ಜಿಯ ಮಾತು. "ವಿಟಮಿನ್ ಕಡಿಮೆಯಾಗಿದೆ" ಎಂಬುದು ಅಪ್ಪನದೋ ನೆರೆಯವರದೋ ಮಾತು.

ಉಷ್ಣದ ಮಾತಿನ ಹಿಂದೆ ಒಂದು ಅನುಭವವಿದೆ. ಬೇಸಿಗೆಯಲ್ಲಿ ಹಲವರ ಅಂಗೈ ನಿಜವಾಗಿಯೂ ಹೆಚ್ಚು ಸುಲಿಯುತ್ತದೆ. ಆದರೆ ಅದಕ್ಕೆ ತಿಂದ ಮಾವಿನಹಣ್ಣು ಕಾರಣವಲ್ಲ. ಸೆಕೆ ಮತ್ತು ಬೆವರು ಕಾರಣ. ಅಜ್ಜಿ ಕಂಡದ್ದು ಸರಿ, ಕೊಟ್ಟ ವಿವರಣೆ ಮಾತ್ರ ಬೇರೆ.

ವಿಟಮಿನ್ ಕೊರತೆಯಿಂದ ಚರ್ಮ ಸುಲಿಯುವ ಕಾಯಿಲೆಯೂ ಇದೆ. ಅದರ ಹೆಸರು ಪೆಲಾಗ್ರ. ಕಾರಣ ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನು ಬಿಟ್ಟರೆ ಬೇರೇನೂ ಸಿಗದಿದ್ದ ಬಡವರಲ್ಲಿ ಈ ಕಾಯಿಲೆಯನ್ನು ಹೈದರಾಬಾದಿನ ಪೌಷ್ಟಿಕ ಸಂಶೋಧಕರಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಗುರುತಿಸಿ 1960ರಲ್ಲಿ ಪ್ರಕಟಿಸಿದರು. ಆದರೆ ಪೆಲಾಗ್ರ ಕಾಣಿಸುವುದು ಬಿಸಿಲು ಬೀಳುವ ಜಾಗಗಳಲ್ಲಿ: ಕೈಯ ಹಿಂಭಾಗದಲ್ಲಿ, ಕತ್ತಿನ ಸುತ್ತ, ಪಾದದ ಮೇಲೆ, ಎರಡೂ ಬದಿಗೆ ಒಂದೇ ಸಮನಾಗಿ. ಅಲ್ಲಿ ಚರ್ಮ ಕಪ್ಪಾಗಿ ಬಿರಿಯುತ್ತದೆ. ರೊಟ್ಟಿಯ ಜೊತೆಗೆ ಬೇಳೆ, ಕಾಳು, ಸೊಪ್ಪು, ಹಾಲು ತಿನ್ನುವ ಮನೆಯ ಹುಡುಗನ ಅಂಗೈ ಮಾತ್ರ ಸುಲಿದರೆ ಅದಕ್ಕೆ ಪೆಲಾಗ್ರ ಕಾರಣವಲ್ಲ. ಆದ್ದರಿಂದ ವೈದ್ಯರು ಹೇಳದೆ ತಿಂಗಳುಗಟ್ಟಲೆ ವಿಟಮಿನ್ ಮಾತ್ರೆ ನುಂಗುವುದರಿಂದ ಹಣ ಖರ್ಚಾಗುತ್ತದೆಯೇ ಹೊರತು ಕೈ ಸರಿಹೋಗುವುದಿಲ್ಲ.

ಹಾಗಾದರೆ ಕಾರಣವನ್ನು ಹುಡುಕುವುದು ಹೇಗೆ? ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ತುರಿಕೆ ಇದೆಯೇ? ಈ ಕೈ ದಿನವೂ ಏನನ್ನು ಮುಟ್ಟುತ್ತದೆ?

ತುರಿಕೆಯಿಲ್ಲದ ಸುಲಿತ

ಅಂಗೈಯಲ್ಲಿ ಸಾಸಿವೆಯಷ್ಟೋ ಕಡಲೆಯಷ್ಟೋ ಗಾತ್ರದ ಬಿಳಿಯ ಗುಳ್ಳೆಗಳು ಏಳುತ್ತವೆ. ಚುಚ್ಚಿದರೆ ನೀರು ಬರುವುದಿಲ್ಲ. ಒಳಗಿರುವುದು ಗಾಳಿ ಮಾತ್ರ. ಎರಡು ದಿನದಲ್ಲಿ ಗುಳ್ಳೆ ಒಡೆದು, ಸಿಪ್ಪೆಯ ಅಂಚು ಬಳೆಯಂತೆ ಸುತ್ತಲೂ ಹರಡುತ್ತದೆ. ತುರಿಕೆಯಿಲ್ಲ, ಹೊಸ ಚರ್ಮ ಸ್ವಲ್ಪ ಬಿಗಿದಂತೆ, ನವಿರಾಗಿ ಅನ್ನಿಸಬಹುದು ಅಷ್ಟೆ. ಇದಕ್ಕೆ ಕೆರಾಟೊಲೈಸಿಸ್ ಎಕ್ಸ್‌ಫೋಲಿಯೇಟಿವಾ ಎಂದು ಹೆಸರು. ಹೆಸರು ಭಾರಿ, ಕಾಯಿಲೆ ಹಗುರ. ಹದಿಹರೆಯದವರಲ್ಲಿ ಮತ್ತು ಯುವಕ ಯುವತಿಯರಲ್ಲಿ, ಅದರಲ್ಲೂ ಸೆಕೆಗಾಲದಲ್ಲಿ, ಕೈ ಬೆವರುವವರಲ್ಲಿ ಹೆಚ್ಚು. ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ, ಮುಂದಿನ ವರ್ಷ ಮತ್ತೆ ಬಂದರೂ ಬರಬಹುದು. ಇದು ಅಂಟುವುದಿಲ್ಲ. ಇದಕ್ಕೆ ಬೇಕಾದದ್ದು ಜಿಡ್ಡು ಮತ್ತು ತಾಳ್ಮೆ.

ಕೈ ಮುಟ್ಟುವ ವಸ್ತುಗಳು

ಹೆಚ್ಚಿನ ಸಲ ಕಾರಣ ಸಿಗುವುದು ಕೈ ಮಾಡುವ ಕೆಲಸದಲ್ಲಿ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಅದರ ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ಬಿಲ್ಲೆ, ಬ್ಲೀಚಿಂಗ್ ಪುಡಿ, ಫಿನಾಯಿಲ್ ಇವು ಇನ್ನೂ ಕಟು. ಹಾಸ್ಟೆಲಿಗೆ ಸೇರಿ ಮೊದಲ ಬಾರಿಗೆ ತನ್ನ ಬಟ್ಟೆಯನ್ನು ತಾನೇ ಒಗೆಯತೊಡಗಿದ ವಿದ್ಯಾರ್ಥಿಯ ಬೆರಳ ತುದಿಗಳು ಎರಡು ತಿಂಗಳಲ್ಲಿ ಸುಲಿದರೆ ಅದರಲ್ಲಿ ಆಶ್ಚರ್ಯವಿಲ್ಲ. 2020ರ ಕೋವಿಡ್ ಕಾಲದಲ್ಲಿ ಗಂಟೆಗೊಮ್ಮೆ ಕೈ ತೊಳೆದವರಿಗೆ ಈ ಅನುಭವ ಚೆನ್ನಾಗಿ ಆಗಿದೆ.

ಒಂದೊಂದು ವಸ್ತು ಕೈಯ ಮೇಲೆ ತನ್ನ ಗುರುತನ್ನೇ ಬಿಡುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರ ತುದಿ ಮಾತ್ರ ಒಣಗಿ ಬಿರಿದಿದ್ದರೆ ವೈದ್ಯರು ಕೇಳುವ ಪ್ರಶ್ನೆ, "ಅಡುಗೆ ಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುವವರು ನೀವೇನಾ?" ಬಲಗೈಯಲ್ಲಿ ಚಾಕು ಹಿಡಿದವರು ಎಡಗೈಯ ಆ ಮೂರು ಬೆರಳುಗಳಲ್ಲೇ ಎಸಳನ್ನು ಹಿಡಿಯುತ್ತಾರೆ. ಕರಾವಳಿಯಲ್ಲಿ ರಜೆಯಲ್ಲಿ ಹಸಿ ಗೇರುಬೀಜ ಒಡೆದು ತಿಂದ ಮಕ್ಕಳ ಬೆರಳು, ತುಟಿ ಸುಟ್ಟು ಕಪ್ಪಾಗಿ ಸುಲಿಯುವುದನ್ನು ಅಲ್ಲಿನವರೆಲ್ಲ ಬಲ್ಲರು. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ.

ಎನ್.ಎಸ್.ಎಸ್. ಶಿಬಿರಗಳಲ್ಲಿ ಪಾರ್ಥೇನಿಯಂ ಕೀಳುವ ಕೆಲಸ ನಿಮ್ಮಲ್ಲಿ ಕೆಲವರಿಗೆ ಪರಿಚಿತ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ ಈ ಕಳೆಯನ್ನು ನಮ್ಮ ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಇದರ ಒಗ್ಗದಿಕೆ ಒಮ್ಮೆ ಬಂದರೆ ವರ್ಷಗಟ್ಟಲೆ ಕಾಡಬಹುದು. ಕೈ ಮಾತ್ರವಲ್ಲ, ಕಣ್ಣರೆಪ್ಪೆ, ಕತ್ತು ಎಲ್ಲವೂ ತುರಿಸಿ ದಪ್ಪಗಾಗುತ್ತವೆ. ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ. ಸೇವೆ ಮಾಡಿ, ಆದರೆ ಕೈಗವಸು ಮತ್ತು ಉದ್ದ ತೋಳಿನ ಅಂಗಿ ಕೇಳಿ ಪಡೆದು ಮಾಡಿ.

ಮದುವೆ ಮನೆಯ ಮೆಹಂದಿಯ ವಿಷಯವೂ ಹೀಗೆಯೇ. ನಮ್ಮ ಮದರಂಗಿ ಸೊಪ್ಪಿನ ಬಣ್ಣ ಕೆಂಪು ಅಥವಾ ಕಂದು. ಒಂದೇ ಗಂಟೆಯಲ್ಲಿ ಕಡುಗಪ್ಪಾಗುವ "ಕಪ್ಪು ಮೆಹಂದಿ"ಗೆ ತಲೆಗೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ. ಕೆಲವರಿಗೆ ಚಿತ್ರವಿದ್ದಲ್ಲೇ ನೀರುಗುಳ್ಳೆ ಎದ್ದು ಚರ್ಮ ಸುಲಿಯುತ್ತದೆ. ಒಮ್ಮೆ ಹೀಗಾದವರಿಗೆ ಮುಂದೆ ತಲೆಗೂದಲಿನ ಬಣ್ಣವೂ ಒಗ್ಗದೆ ಹೋಗಬಹುದು.

ಮೊಡವೆಗೆ ಔಷಧ ತೆಗೆದುಕೊಳ್ಳುವವರೂ ಗಮನಿಸಿ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವಾಗ ತುಟಿ ಒಡೆಯುವಂತೆಯೇ ಅಂಗೈ, ಬೆರಳ ತುದಿಗಳೂ ಸುಲಿಯಬಹುದು. ಹಾಗಾದರೆ ಮಾತ್ರೆ ಕೊಟ್ಟ ವೈದ್ಯರಿಗೆ ತಿಳಿಸಿ.

ತುರಿಕೆ ಇದ್ದರೆ

ಬೆರಳುಗಳ ಪಕ್ಕದಲ್ಲಿ, ಚರ್ಮದ ಒಳಗೆ ಬೆಂದ ಸಾಬಕ್ಕಿ ಕಾಳುಗಳನ್ನು ಹುದುಗಿಸಿಟ್ಟಂತೆ ಪುಟ್ಟ ನೀರುಗುಳ್ಳೆಗಳು ಎದ್ದು, ಸಿಕ್ಕಾಪಟ್ಟೆ ತುರಿಸಿ, ಎರಡು ಮೂರು ವಾರದಲ್ಲಿ ಒಣಗಿ ಸಿಪ್ಪೆ ಏಳುವುದು ಒಂದು ಬಗೆಯ ಇಸುಬು. ಇದೂ ಅಂಟುವುದಿಲ್ಲ. ಬೆವರು, ಒಗ್ಗದ ಲೋಹಗಳು, ಪರೀಕ್ಷೆಯ ಆತಂಕ ಇದನ್ನು ಕೆರಳಿಸುತ್ತವೆ. ಚಿಕಿತ್ಸೆಗೆ ವೈದ್ಯರ ನೆರವು ಬೇಕು.

ಒಂದೇ ಅಂಗೈ ಒಣಗಿ, ಅಂಗೈಯ ಗೆರೆಗಳಲ್ಲಿ ಹಿಟ್ಟು ತುಂಬಿದಂತೆ ಬೆಳ್ಳಗಾಗಿ, ಜೊತೆಗೆ ಎರಡೂ ಅಂಗಾಲು ಸುಲಿಯುತ್ತಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಹುಳುಕಡ್ಡಿ, ಗಜಕರ್ಣ ಎನ್ನುವುದೂ ಇದೇ ಬಳಗದ ಕಾಯಿಲೆಯನ್ನೇ. ಇದು ಅಂಟುತ್ತದೆ. ಇದನ್ನು ಪತ್ತೆಮಾಡುವ ಪರೀಕ್ಷೆ ನಿಮ್ಮ ರಸಾಯನಶಾಸ್ತ್ರದ ಪಾಠಕ್ಕೆ ಹತ್ತಿರವಾದದ್ದು. ಸಿಪ್ಪೆಯನ್ನು ಸ್ವಲ್ಪ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತಾರೆ. ಚರ್ಮದ ಕೋಶಗಳು ಕರಗುತ್ತವೆ, ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಸ್ವಲ್ಪ ಹೊತ್ತಿನಲ್ಲೇ ಉತ್ತರ ಸಿಗುತ್ತದೆ.

ರಾತ್ರಿಯ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದುಗಳಲ್ಲಿ ಸಣ್ಣ ಗುಳ್ಳೆಗಳಿದ್ದು, ಕೋಣೆಯ ಗೆಳೆಯರಿಗೂ ಮನೆಯವರಿಗೂ ತುರಿಸುತ್ತಿದ್ದರೆ ಅದು ಕಜ್ಜಿ. ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಹುಳ ಇದಕ್ಕೆ ಕಾರಣ. ಇಲ್ಲಿ ಒಬ್ಬರಿಗೆ ಮಾತ್ರ ಔಷಧ ಹಚ್ಚಿದರೆ ಪ್ರಯೋಜನವಿಲ್ಲ. ಜೊತೆಯಲ್ಲಿರುವವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು.

ಅಂಗಡಿಯ ಮುಲಾಮು

ಈಗ ಅತಿ ಮುಖ್ಯವಾದ ಮಾತಿಗೆ ಬರೋಣ. "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿದರೆ ಸಿಗುವ ಮುಲಾಮಿನಲ್ಲಿ ಹಲವು ಸಲ ಮೂರು ನಾಲ್ಕು ಔಷಧಗಳು ಬೆರೆತಿರುತ್ತವೆ; ಅವುಗಳಲ್ಲೊಂದು ತೀವ್ರವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟ ಔಷಧವಲ್ಲ. ಇಸುಬಿಗೆ ವೈದ್ಯರೇ ಅದನ್ನು ಲೆಕ್ಕ ಹಾಕಿ, ದಿನ ಹೇಳಿ ಕೊಡುತ್ತಾರೆ. ಆದರೆ ಶಿಲೀಂಧ್ರದ ಮೇಲೆ ಅದನ್ನು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಬೆಳೆಯುತ್ತದೆ. ನಿಲ್ಲಿಸಿದೊಡನೆ ಇಮ್ಮಡಿಯಾಗಿ ಮರಳುತ್ತದೆ. ಮತ್ತೊಂದು ಟ್ಯೂಬ್ ತರುತ್ತೀರಿ. ದಿನ ಕಳೆದಂತೆ ಚರ್ಮ ತೆಳುವಾಗುತ್ತದೆ. ಇದೇ ಮುಲಾಮನ್ನು ಮುಖಕ್ಕೆ ಹಚ್ಚಿದವರಲ್ಲಿ ಮೊಡವೆ, ಕೆಂಪು, ಕೂದಲು ಕಾಣಿಸಿಕೊಳ್ಳುತ್ತವೆ.

ಈ ಅಪಾಯವನ್ನು ಕಂಡು ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಹರಡಿರುವ ಒಂದು ಶಿಲೀಂಧ್ರಕ್ಕೆ ಟೆರ್ಬಿನಫೈನ್ ಎಂಬ ಹೆಸರಾಂತ ಔಷಧವೂ ಈಗ ಅನೇಕ ಸಲ ನಾಟುವುದಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ನಮ್ಮ ದೇಶದ ಹೆಸರಿದೆ, ಹೆಮ್ಮೆಪಡುವ ಸಂಗತಿಯಲ್ಲ. ಮನಸ್ಸಿಗೆ ಬಂದಂತೆ ಮುಲಾಮು ಹಚ್ಚುವ ಅಭ್ಯಾಸ ಇಂಥ ಸೋಂಕುಗಳನ್ನು ಇನ್ನಷ್ಟು ಹಟಮಾರಿಯಾಗಿಸುತ್ತದೆ.

ಮನೆಯಲ್ಲಿ ಮಾಡಬಹುದಾದ ಆರೈಕೆ

ದುಬಾರಿಯಾದದ್ದು ಯಾವುದೂ ಬೇಡ. ಕೈಯನ್ನು ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ತೊಳೆಯಿರಿ; ಬಿಸಿನೀರು ಬೇಡ. ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನು ಬೇಕೇ ಬೇಕು, ಅದನ್ನು ಬಿಡಬಾರದು. ಬೆರಳ ಸಂದುಗಳಲ್ಲಿ ಸಾಬೂನು ಉಳಿಯದಂತೆ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರಸಿ. ಚರ್ಮದಲ್ಲಿ ತೇವ ಇನ್ನೂ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ತೆಳುವಾಗಿ ಹಚ್ಚಿ. ತೇವದ ಮೇಲೆ ಹಚ್ಚಿದ ಜಿಡ್ಡು ಆ ನೀರನ್ನು ಹಿಡಿದಿಡುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ. ರಾತ್ರಿ ಸ್ವಲ್ಪ ದಪ್ಪವಾಗಿ ಹಚ್ಚಿ, ಹಳೆಯ ಶುಭ್ರವಾದ ಹತ್ತಿಯ ಕಾಲುಚೀಲವನ್ನು ಕೈಗೆ ತೊಟ್ಟು ಮಲಗಿ. ಯೂರಿಯ ಇರುವ ಮುಲಾಮುಗಳೂ ಒಳ್ಳೆಯವೇ, ಆದರೆ ಬಿರಿದ ಜಾಗದಲ್ಲಿ ಅವು ಉರಿಸುತ್ತವೆ.

ಪಾತ್ರೆ, ಬಟ್ಟೆ ತೊಳೆಯುವಾಗ ಒಳಗೆ ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದು ಹಾಕಿಕೊಳ್ಳಿ. ರಬ್ಬರಿನದನ್ನು ಮಾತ್ರ ಹಾಕಿದರೆ ಒಳಗೆ ಬೆವರು ನಿಲ್ಲುತ್ತದೆ. ಉಂಗುರವನ್ನು ತೆಗೆದಿಡಿ, ಅದರಡಿಯಲ್ಲಿ ಸಾಬೂನು ಉಳಿದು ಚರ್ಮವನ್ನು ತಿನ್ನುತ್ತದೆ.

ಎದ್ದ ಸಿಪ್ಪೆಯನ್ನು ಪಾಠ ಕೇಳುತ್ತಾ ಎಳೆಯುವುದು, ಹಲ್ಲಿನಲ್ಲಿ ಕಚ್ಚಿ ತೆಗೆಯುವುದು ಬಹಳ ಮಂದಿಯ ಅಭ್ಯಾಸ. ಇನ್ನೂ ಸಿದ್ಧವಾಗದ ಒಳಪದರವೂ ಅದರೊಂದಿಗೆ ಕಿತ್ತುಬಂದು, ರಕ್ತ ಬಂದು, ಕೀವಾಗುವುದಕ್ಕೆ ದಾರಿಯಾಗುತ್ತದೆ. ಜೋತು ಬಿದ್ದ ಸಿಪ್ಪೆಯನ್ನು ಶುಭ್ರವಾದ ಚಿಕ್ಕ ಕತ್ತರಿಯಿಂದ ಕತ್ತರಿಸಿಬಿಡಿ. ನಿಂಬೆರಸ, ಸುಣ್ಣ, ಟೂತ್‌ಪೇಸ್ಟ್ ಹಚ್ಚಲೇಬೇಡಿ.

ಇನ್ನೊಂದು ಕೆಲಸ ವಿದ್ಯಾರ್ಥಿಗಳಿಗೆ ತಕ್ಕದ್ದು. ಎರಡು ವಾರ ಒಂದು ಟಿಪ್ಪಣಿ ಪುಸ್ತಕ ಇಡಿ. ಇಂದು ಕೈ ಏನೇನು ಮುಟ್ಟಿತು, ಎಷ್ಟು ಸಲ ತೊಳೆದಿರಿ, ಪ್ರಯೋಗಶಾಲೆಯಲ್ಲಿ ಏನು ಮಾಡಿದಿರಿ, ಸಂಜೆ ಕೈ ಹೇಗಿತ್ತು, ಎಲ್ಲವನ್ನೂ ಬರೆಯಿರಿ. ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಆ ಪುಸ್ತಕ ಅವರಿಗೆ ಬಹಳ ಸಹಾಯ ಮಾಡುತ್ತದೆ. ಎಷ್ಟೋ ಸಲ ಹೋಗುವ ಮುಂಚೆಯೇ ಕಾರಣ ನಿಮಗೇ ತಿಳಿದುಬಿಡುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಒಂದು ತಿಂಗಳು ಆರೈಕೆ ಮಾಡಿದರೂ ಕಡಿಮೆಯಾಗದಿದ್ದರೆ, ಒಂದೇ ಕೈಯಲ್ಲಿದ್ದರೆ, ರಾತ್ರಿ ತುರಿಕೆ ಹೆಚ್ಚಿದರೆ, ಕೀವು, ಊತ, ನೋವು ಇದ್ದರೆ, ಉಗುರಿನಲ್ಲಿ ಗುಳಿಗಳು ಬಿದ್ದು ಮೊಣಕೈ ಮೊಣಕಾಲುಗಳ ಮೇಲೂ ದಪ್ಪ ಹೊಟ್ಟು ಎದ್ದರೆ ಚರ್ಮವೈದ್ಯರಿಗೆ ತೋರಿಸಿ. ಮುಟ್ಟಿದರೆ, ಸುಟ್ಟರೆ ತಿಳಿಯದಂತೆ ಕೈಯ ಸ್ಪರ್ಶ ಮಂದವಾಗಿದ್ದರೆ ತಡ ಮಾಡಬೇಡಿ. ಅದು ಕುಷ್ಠದ ಗುರುತಾಗಿರಬಹುದು. ಹೆದರಬೇಕಾದದ್ದಿಲ್ಲ, ಅದಕ್ಕೆ ಪೂರ್ತಿ ಗುಣಪಡಿಸುವ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಎರಡು ಸಂದರ್ಭಗಳಲ್ಲಿ ಒಂದು ದಿನವೂ ಕಾಯಬಾರದು. ಹೊಸ ಔಷಧ ತೆಗೆದುಕೊಂಡ ಮೇಲೆ ಜ್ವರ ಬಂದು, ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ, ಚರ್ಮ ನೋಯುತ್ತಾ ಸುಲಿಯತೊಡಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಮನೆಯಲ್ಲಿರುವ ಪುಟ್ಟ ತಮ್ಮನಿಗೋ ತಂಗಿಗೋ ಐದು ದಿನ ಮೀರಿ ಜ್ವರವಿದ್ದು, ಕಣ್ಣು, ತುಟಿ, ನಾಲಿಗೆ ಕೆಂಪಾಗಿ, ಕೈಕಾಲು ಊದಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. 1967ರಲ್ಲಿ ಜಪಾನಿನ ಡಾ. ಟೊಮಿಸಾಕು ಕವಾಸಾಕಿ ವಿವರಿಸಿದ ಈ ಕಾಯಿಲೆಯಲ್ಲಿ ಉಗುರಿನ ಬದಿಯಿಂದ ಚರ್ಮ ಸುಲಿಯುವುದು ಎರಡು ಮೂರನೆಯ ವಾರದಲ್ಲಿ. ಅದಕ್ಕೆ ಕಾಯುತ್ತಾ ಕುಳಿತರೆ ಹೃದಯದ ರಕ್ತನಾಳಗಳಿಗೆ ಹಾನಿಯಾಗಿರಬಹುದು.

ಬೆರಳಚ್ಚಿನ ಚಿಂತೆ

ಇಂದು ಪ್ರವೇಶ ಪರೀಕ್ಷೆಗಳಲ್ಲಿ, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೇಳುತ್ತಾರೆ. ಬೆರಳ ತುದಿ ಸುಲಿದಿದ್ದರೆ ಯಂತ್ರ ಅಚ್ಚನ್ನು ಗುರುತಿಸದೆ ಹೋಗಬಹುದು. ನನ್ನ ಗುರುತೇ ಅಳಿಸಿಹೋಯಿತೇ ಎಂದು ಗಾಬರಿಪಡಬೇಡಿ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲಿ ಆರನೆಯ ತಿಂಗಳ ಹೊತ್ತಿಗೆ ನಿಶ್ಚಯವಾಗಿಬಿಡುತ್ತವೆ. ಅವುಗಳ ಬುಡ ಇರುವುದು ಹೊರಚರ್ಮವೂ ಒಳಚರ್ಮವೂ ಸೇರುವ ಜಾಗದಲ್ಲಿ. ಮೇಲ್ಪದರ ಹೋದರೂ ಹೊಸ ಚರ್ಮ ಅದೇ ಗೆರೆಗಳನ್ನು ಹೊತ್ತೇ ಮೇಲೆ ಬರುತ್ತದೆ. ಪರೀಕ್ಷೆಗೆ ಒಂದೂವರೆ ತಿಂಗಳ ಮುಂಚಿನಿಂದ ಬೆರಳುಗಳ ಆರೈಕೆ ಮಾಡಿ. ಆ ದಿನ ಕೈಯನ್ನು ತೊಳೆದು ಒರಸಿಕೊಂಡು ಹೋಗಿ. ತೊಂದರೆಯಾದರೆ ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಿ.

ಕೊನೆಯದಾಗಿ ಒಂದು ಮಾತು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರ ಕೈ ಚೆನ್ನಾಗಿಯೇ ಇದೆ. ನಾನು ಹೇಳಿದ್ದರಲ್ಲಿ ಹೆಸರುಗಳೂ ಔಷಧಗಳೂ ಮರೆತುಹೋದರೂ ಚಿಂತೆಯಿಲ್ಲ. ಪಕ್ಕದಲ್ಲಿ ಕೂರುವ ಗೆಳೆಯನೋ ಗೆಳತಿಯೋ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರೆ ಸರಿದು ಕೂರಬೇಡಿ. "ಬಾ, ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ" ಎನ್ನಿ. ಸುಲಿದ ಚರ್ಮ ಕೆಲವು ವಾರಗಳಲ್ಲಿ ಹೊಸದಾಗಿ ಬರುತ್ತದೆ. ನೀವು ಜೊತೆಗೆ ಹೋದದ್ದನ್ನು ಅವರು ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾರೆ.